ಚೆಂಡು ಎಲ್ಲಿದೆ ಅಂತಲೇ ಹೇಳದ ಫುಟ್‌ಬಾಲ್ ಕಾಮೆಂಟ್ರಿ: ನಿಮಗೂ ಹೀಗೆ ಅನಿಸುತ್ತಾ?

ಶಹಾಪುರದವ
ಭಾನುವಾರ, ರಾತ್ರಿ 11:50

ನಮ್ಮ ಕಾಕಾ ಬೆಳಗಾವಿ ಕ್ಯಾಂಪ್‌ನ ಒಂದು ತಂಡಕ್ಕೆ 12 ವರ್ಷ ಎಡಗಡೆಯ ಡಿಫೆಂಡರ್ ಆಗಿ, ಅಂದರೆ ಲೆಫ್ಟ್ ಬ್ಯಾಕ್ ಆಡಿದವರು. ಈಗ ಅವರಿಗೆ 68. ಗ್ಲೂಕೋಮಾ ಆಗಿ ಎರಡೂ ಕಣ್ಣು ಹೋಗಿ ನಾಲ್ಕು ವರ್ಷವಾಯಿತು. ಕೋಣೆಯಲ್ಲಿ ದೀಪ ಹತ್ತಿದೆಯೋ ಆರಿದೆಯೋ, ಅಷ್ಟು ಮಾತ್ರ ತಿಳಿಯುತ್ತದೆ. ಆದರೆ ಫುಟ್‌ಬಾಲ್ ಬಿಟ್ಟಿಲ್ಲ. ಪಂದ್ಯ ಇದ್ದ ದಿನ ಬೇಗ ಊಟ ಮುಗಿಸಿ, ಟಿವಿ ಎದುರಿನ ಕುರ್ಚಿಯಲ್ಲಿ ಕಿವಿ ಮುಂದೆ ಮಾಡಿ ಕೂರುತ್ತಾರೆ.

ನಿನ್ನೆ ಮೊದಲರ್ಧದಲ್ಲಿ ಅವರು ನನ್ನನ್ನು 17 ಸಲ ಕೇಳಿದರು. ಬೇಕಂತಲೇ ಎಣಿಸಿದೆ. ಪ್ರತಿ ಸಲವೂ ಒಂದೇ ಪ್ರಶ್ನೆ: "ಚೆಂಡ್ ಎಲ್ಲೈತೋ ತಮ್ಮಾ?"

ಕಾಮೆಂಟ್ರಿ ಪೆಟ್ಟಿಗೆಯಲ್ಲಿ ಇಬ್ಬರಿದ್ದರು. ಇಬ್ಬರೂ ಒಂದು ಕ್ಷಣ ಸುಮ್ಮನಿರಲಿಲ್ಲ. ಬಲಗಡೆಯ ಹುಡುಗ ಚೆಂಡು ತಗೊಂಡು ಗೆರೆ ಪಕ್ಕ ಓಡುತ್ತಿದ್ದಾನೆ, ಇವರು ಇನ್ಯಾವುದೋ ಆಟಗಾರನನ್ನು ಎಷ್ಟು ಕೋಟಿಗೆ ಕೊಂಡರು ಅನ್ನುವ ಮಾತಿನಲ್ಲಿದ್ದಾರೆ. ಅದು ಮುಗಿಯುವ ಮೊದಲೇ ಗ್ಯಾಲರಿಯಲ್ಲಿ ಕೂತ ಸಿನಿಮಾ ನಟನ ಸುದ್ದಿ. ಆಮೇಲೆ ಒಮ್ಮೆಲೇ ಕಿರುಚಾಟ. ಕಾಕಾ ಕುರ್ಚಿಯಿಂದ ಅರ್ಧ ಎದ್ದು "ಗೋಲ್ ಆತೇನು?" ಅಂದರು. ಗೋಲ್ ಆಗಿರಲಿಲ್ಲ. ಚೆಂಡು ಬಲೆಯ ಹೊರಗಡೆ ತಾಗಿ ಹೋಗಿತ್ತು. ಯಾರು ಹೊಡೆದರು, ಎಲ್ಲಿಂದ ಹೊಡೆದರು, ಪಾಸ್ ಕೊಟ್ಟವರು ಯಾರು ಅನ್ನುವುದೆಲ್ಲ ಮರುಪ್ರಸಾರದಲ್ಲೂ ಬರಲಿಲ್ಲ.

ನನಗೆ ತಡೆಯಲಾಗದೆ ಹೋದದ್ದು ಅದಕ್ಕಲ್ಲ. ಎರಡನೇ ಅರ್ಧದಲ್ಲಿ ಪಕ್ಕದ ಗೆರೆಯಿಂದ ಕೈಯಲ್ಲಿ ಎಸೆದ ಒಂದು ಥ್ರೋ ಇನ್ ನೇರವಾಗಿ ಮುಂದಿನ ಆಟಗಾರನ ಕಾಲಿಗೆ ಬಂತು. ಕಾಮೆಂಟ್ರಿಯವರು "ಆಫ್‌ಸೈಡ್ ಇತ್ತು, ರೆಫರಿ ನೋಡಲಿಲ್ಲ" ಅಂತ, ಅಂದರೆ ಅವನು ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ಮುಂದೆ ನಿಂತು ಚೆಂಡು ಪಡೆದ ಅಂತ, ಎರಡು ನಿಮಿಷ ವಾದ ಮಾಡಿದರು. ಕಣ್ಣು ಕಾಣದ ನಮ್ಮ ಕಾಕಾ ಕೂತಲ್ಲಿಂದಲೇ ಅಂದರು, "ಥ್ರೋದಾಗ ಎಲ್ಲಿ ಆಫ್‌ಸೈಡ್ ಇರತೈತಿ? ಇವರಿಗೆ ಇಷ್ಟೂ ಗೊತ್ತಿಲ್ಲೇನು?"

ಥ್ರೋ ಇನ್, ಗೋಲ್ ಕಿಕ್, ಕಾರ್ನರ್, ಈ ಮೂರರಿಂದ ನೇರವಾಗಿ ಚೆಂಡು ಪಡೆದರೆ ಆಫ್‌ಸೈಡ್ ಆಗುವುದಿಲ್ಲ. ನಮ್ಮ ಬೆಳಗಾವಿಯ ಲೇಲೆ ಮೈದಾನದಲ್ಲಿ ಆಡುವ ಹತ್ತು ವರ್ಷದ ಹುಡುಗರಿಗೂ ಇದು ಗೊತ್ತು.

ಇದನ್ನು ಬೇಜಾರಿನಿಂದ ಬರೆಯುತ್ತಿದ್ದೇನೆ. ಕಾಕಾ ಪಂದ್ಯ ಮುಗಿಯುವ ಮುಂಚೆಯೇ ಎದ್ದು ಹೋಗಿ ಮಲಗಿದರು. ಹೀಗೆ ಮಾಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಖಾನಾಪುರ ಗೋಲಿ
ಸೋಮವಾರ, ಬೆಳಗ್ಗೆ 7:15

ಅಣ್ಣಾ, ಓದಿ ಮನಸ್ಸಿಗೆ ಹತ್ತಿತು. ನಾನು ಗೋಲ್‌ಕೀಪರ್. ನನ್ನ ಸಿಟ್ಟು ಬೇರೆ ಕಡೆಯಿಂದ ಬಂದದ್ದು.

ಗೋಲ್ ಬಿದ್ದ ಕೂಡಲೇ "ಕೀಪರ್ ತಡೀಬೇಕಿತ್ತು" ಅನ್ನುವುದು ಇವರಿಗೆ ರೂಢಿಯಾಗಿದೆ. ಚೆಂಡು ಡಿಫೆಂಡರ್ ಮೊಣಕಾಲಿಗೆ ತಾಗಿ ದಿಕ್ಕು ಬದಲಿಸಿತ್ತಾ? ಎದುರಿಗೆ ಮೂರು ಜನ ನಿಂತು ಕೀಪರ್‌ಗೆ ಚೆಂಡೇ ಕಾಣದಂತೆ ಆಗಿತ್ತಾ? ಅದನ್ನು ನೋಡುವ ವ್ಯವಧಾನ ಇಲ್ಲ.

ಲಕ್ಷ್ಮೀಕಾಂತ ಕಟ್ಟಿಮನಿ ನೆನಪಿದ್ದಾರಲ್ವಾ? ಗೋವಾದ ಕೀಪರ್. ಹೆಸರು ಮಾತ್ರ ನಮ್ಮ ಕಡೆಯದು, ಗೋಕಾಕ ತಾಲೂಕಿನಲ್ಲಿ ಈ ಅಡ್ಡಹೆಸರು ಕೇಳದವರಿಲ್ಲ. 2015ರ ಡಿಸೆಂಬರ್ 20ರಂದು ಗೋವಾದ ಫಾತೋರ್ಡಾ ಮೈದಾನದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್. ಚೆನ್ನೈಯಿನ್ ವಿರುದ್ಧ ಎಫ್‌ಸಿ ಗೋವಾ ಕೊನೆಯ ನಿಮಿಷಗಳಲ್ಲಿ 2-1 ಮುಂದಿತ್ತು. ಆಮೇಲೆ ಕಟ್ಟಿಮನಿ ಹೆಸರಿನಲ್ಲಿ ಒಂದು ಸ್ವಂತ ಗೋಲು ಬಿತ್ತು. ಅದರ ಬೆನ್ನಿಗೇ ಚೆನ್ನೈಯಿನ್‌ನ ಮೆಂಡೋಜಾ ಗೋಲು. ಚೆನ್ನೈಯಿನ್ 3-2 ಗೆದ್ದಿತು. ನಾವು ಐದು ಜನ ಚೋರ್ಲಾ ಘಾಟ್ ಇಳಿದು ಹೋಗಿದ್ದೆವು. ವಾಪಸ್ ಬರುವಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ.

ಅದೇ ಮನುಷ್ಯ 2022ರ ಮಾರ್ಚ್ 20ರಂದು, ಅದೇ ಫಾತೋರ್ಡಾದಲ್ಲಿ, ಹೈದರಾಬಾದ್ ಪರ, ಕೇರಳ ವಿರುದ್ಧದ ಐಎಸ್‌ಎಲ್ ಫೈನಲ್‌ನಲ್ಲಿ ಮೂರು ಪೆನಾಲ್ಟಿ ತಡೆದರು. ಆರು ವರ್ಷದ ಹೊರೆ ಆ ಗೋಲ್‌ಪೋಸ್ಟ್ ನಡುವೆ ಇಳಿಯಿತು. ಈ ಕಥೆಯನ್ನು ಅವತ್ತು ಯಾರಾದರೂ ಸರಿಯಾಗಿ ಹೇಳಬೇಕಿತ್ತು ಅಂತ ಈಗಲೂ ಅನಿಸುತ್ತದೆ. ನಾನು ನೋಡಿದ ಕಡೆ ಹೆಸರನ್ನೇ "ಕತಿಮಾನಿ" ಅನ್ನುತ್ತಿದ್ದರು.

ಇನ್ನೊಂದು ಮಾತು. 2025ರಿಂದ ನಿಯಮ ಬದಲಾಗಿದೆ. ಕೀಪರ್ ಚೆಂಡನ್ನು ಕೈಯಲ್ಲಿ 8 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಎದುರಾಳಿಗೆ ಕಾರ್ನರ್ ಸಿಗುತ್ತದೆ. ಮೊದಲು 6 ಸೆಕೆಂಡ್ ಇತ್ತು, ಶಿಕ್ಷೆ ಇನ್‌ಡೈರೆಕ್ಟ್ ಫ್ರೀ ಕಿಕ್ ಆಗಿತ್ತು. ರೆಫರಿ ಕೈ ಎತ್ತಿ ಬೆರಳಲ್ಲಿ ಕೊನೆಯ 5 ಸೆಕೆಂಡ್ ಎಣಿಸುವುದು ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ. ಕಾಮೆಂಟ್ರಿಯವರು "ರೆಫರಿ ಏನೋ ಸನ್ನೆ ಮಾಡುತ್ತಿದ್ದಾರೆ" ಅಂದರೆ ಹೇಗೆ?

ಮಾತು ಕಮ್ಮಿ
ಸೋಮವಾರ, ಬೆಳಗ್ಗೆ 9:02

ನಾನು ವರ್ಷಗಳಿಂದ ಧ್ವನಿ ಬಂದ್ ಮಾಡಿಯೇ ನೋಡುವುದು. ಕೆಲವು ಕಡೆ ಬರೀ ಮೈದಾನದ ಸದ್ದು ಕೇಳುವ ಆಯ್ಕೆಯೂ ಇರುತ್ತದೆ. ಚಿತ್ರ ಎದುರಿಗೇ ಇದೆ, ಹೇಳುವವರು ಯಾಕೆ ಬೇಕು? ಆಟ ಗೊತ್ತಿದ್ದವರಿಗೆ ಕಾಮೆಂಟ್ರಿಯ ಅಗತ್ಯವೇ ಇಲ್ಲ ಅಂತ ನನ್ನ ಅಭಿಪ್ರಾಯ.

ಶಹಾಪುರದವ
ಸೋಮವಾರ, ಬೆಳಗ್ಗೆ 9:20

ಸರ್, ನಿಮಗೆ ಚಿತ್ರ ಇದೆ. ಕಾಕಾಗೆ ಬಂದ್ ಮಾಡಿದರೆ ಏನೂ ಉಳಿಯುವುದಿಲ್ಲ.

ಮಾತು ಕಮ್ಮಿ
ಸೋಮವಾರ, ಬೆಳಗ್ಗೆ 9:31

ಹೌದು. ಮೇಲಿನದನ್ನು ಅವಸರದಲ್ಲಿ ಓದಿ ಬರೆದೆ. ತಪ್ಪಾಯಿತು.

ಸೌಂಡ್ ರೂಮ್
ಸೋಮವಾರ, ಮಧ್ಯಾಹ್ನ 2:10

ವಡಗಾವಿಯವನು, ಈಗ ಮುಂಬೈನಲ್ಲಿ ಧ್ವನಿ ವಿಭಾಗದಲ್ಲಿ ಕೆಲಸ. ಯಾವ ಕಂಪನಿ ಅಂತ ಹೇಳುವುದು ಬೇಡ. ಒಳಗಡೆ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಇದು ಯಾರನ್ನೂ ಸಮರ್ಥಿಸುವುದಕ್ಕಲ್ಲ.

ನೀವು ಕೇಳುವ ಎಷ್ಟೋ ಕಾಮೆಂಟ್ರಿ ಮೈದಾನದಿಂದ ಬರುವುದಿಲ್ಲ. ಪಂದ್ಯ ದೋಹಾದಲ್ಲೋ ಲಂಡನ್‌ನಲ್ಲೋ ನಡೆಯುತ್ತಿರುತ್ತದೆ, ಮಾತಾಡುವವರು ಇಲ್ಲಿ ಒಂದು ಸಣ್ಣ ಕೋಣೆಯಲ್ಲಿ ಟಿವಿ ಪರದೆ ಎದುರು ಕೂತಿರುತ್ತಾರೆ. ಚಿತ್ರವನ್ನು ಆತಿಥೇಯ ದೇಶದ ಪ್ರಸಾರ ತಂಡ ಮಾಡಿ ಎಲ್ಲರಿಗೂ ಒಂದೇ ಕಳಿಸುತ್ತದೆ. ನೀವು ಮನೆಯಲ್ಲಿ ಏನು ನೋಡುತ್ತೀರೋ ಹೆಚ್ಚುಕಮ್ಮಿ ಅಷ್ಟೇ ಅವರಿಗೂ ಕಾಣುವುದು. ಕ್ಯಾಮೆರಾ ಕೋಚ್ ಮುಖ ತೋರಿಸುತ್ತಿದ್ದರೆ ಆ ಹೊತ್ತಿಗೆ ಚೆಂಡು ಎಲ್ಲಿದೆ ಅಂತ ಅವರಿಗೂ ಗೊತ್ತಿರುವುದಿಲ್ಲ. ಲೆಫ್ಟ್ ಬ್ಯಾಕ್ ಎಲ್ಲಿ ನಿಂತಿದ್ದಾನೆ, ಬದಲಿ ಆಟಗಾರ ಯಾರು ಮೈ ಬಿಸಿ ಮಾಡಿಕೊಳ್ಳುತ್ತಿದ್ದಾನೆ, ಇದೆಲ್ಲ ಮೈದಾನದಲ್ಲಿ ಕೂತವರಿಗೆ ಮಾತ್ರ ಕಾಣುವುದು.

ಕಿವಿಯಲ್ಲಿ ಇನ್ನೊಂದು ಧ್ವನಿ ಇರುತ್ತದೆ. ಪ್ರೊಡ್ಯೂಸರ್ ನಡುನಡುವೆ ಹೇಳುತ್ತಲೇ ಇರುತ್ತಾರೆ: ಈಗ ಪ್ರಾಯೋಜಕರ ಸಾಲು ಓದಿ, ಈಗ ನಾಳೆಯ ಪಂದ್ಯದ ಪ್ರಚಾರ, ಈಗ ಗ್ಯಾಲರಿಯ ನಟನ ಹೆಸರು ಹೇಳಿ. ನೀವು ಬರೆದ ಆ ಸಿನಿಮಾ ನಟನ ಮಾತು ಹಾಗೆ ಬಂದಿರಬಹುದು. ಕೆಮ್ಮು ಬಂದರೆ ಮೈಕ್ ಬಂದ್ ಮಾಡಲು ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿ ಹತ್ತು ಸೆಕೆಂಡ್ ಸುಮ್ಮನಿರುವ ಧೈರ್ಯ ಹೊಸಬರಿಗೆ ಬರುವುದಿಲ್ಲ. ಸುಮ್ಮನಿದ್ದರೆ ಕೆಲಸ ಮಾಡುತ್ತಿಲ್ಲ ಅಂದುಕೊಂಡಾರು ಅನ್ನುವ ಹೆದರಿಕೆ.

ಆದರೆ ನಾನು ಒಪ್ಪದ ವಿಷಯ ಒಂದಿದೆ. ತಯಾರಿ ಇಲ್ಲದೆ ಬರುವುದು. ಒಳ್ಳೆಯವರು ಪಂದ್ಯದ ಮುಂಚೆ ಎರಡೂ ತಂಡದ ಹೆಸರು, ಅಂಕಿ, ಕೂದಲು, ಬೂಟಿನ ಬಣ್ಣವನ್ನೂ ಬರೆದುಕೊಂಡು ಬರುತ್ತಾರೆ. ಒಂದು ದೊಡ್ಡ ಹಾಳೆ, ಬಣ್ಣಬಣ್ಣದ ಪೆನ್ನು. ಕೆಲವರು ಬರೀ ಫೋನ್ ತರುತ್ತಾರೆ. ಆ ಎರಡು ಥರದವರ ವ್ಯತ್ಯಾಸ ಮೊದಲ ಐದು ನಿಮಿಷದಲ್ಲೇ ನಿಮ್ಮ ಕಾಕಾಗೆ ತಿಳಿಯುತ್ತದೆ.

ಹಳೇ ರೇಡಿಯೋ
ಸೋಮವಾರ, ಸಂಜೆ 6:45

ಶಹಾಪುರದ ತಮ್ಮಾ, ನಿನ್ನ ಕಾಕಾ ಕೇಳಿದ ಪ್ರಶ್ನೆ ಕಾಮೆಂಟ್ರಿ ಹುಟ್ಟಿದ ದಿನದ ಪ್ರಶ್ನೆ. ಅದಕ್ಕೆ ಉತ್ತರವನ್ನೂ ಆಗಲೇ ಕಂಡುಹಿಡಿದಿದ್ದರು.

1927ರ ಜನವರಿ 22. ಲಂಡನ್‌ನ ಹೈಬರಿ ಮೈದಾನ, ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್. ಬಿಬಿಸಿ ರೇಡಿಯೋದಲ್ಲಿ ಫುಟ್‌ಬಾಲ್ ಲೀಗ್ ಪಂದ್ಯದ ನೇರ ವಿವರಣೆ ಬಂದದ್ದು ಅದೇ ಮೊದಲು. ಆಟ 1-1 ಆಯಿತು. ಕೇಳುವವರಿಗೆ ಚೆಂಡು ಎಲ್ಲಿದೆ ಅಂತ ತಿಳಿಯಬೇಕಲ್ಲ? ಅದಕ್ಕೆ ರೇಡಿಯೋ ಟೈಮ್ಸ್ ಪತ್ರಿಕೆಯಲ್ಲಿ ಮೈದಾನದ ಚಿತ್ರ ಹಾಕಿ, ಅದನ್ನು 8 ಚೌಕ ಮಾಡಿ, ನಂಬರ್ ಕೊಟ್ಟು ಅಚ್ಚು ಹಾಕಿದರು. ಟೆಡ್ಡಿ ವೇಕ್‌ಲಂ ಅನ್ನುವವರು ಆಟ ಹೇಳುತ್ತಾ ಹೋದರೆ ಪಕ್ಕದಲ್ಲಿದ್ದ ಇನ್ನೊಬ್ಬರು ಚೌಕದ ನಂಬರ್ ಹೇಳುತ್ತಿದ್ದರು. ಜನ ಮನೆಯಲ್ಲಿ ಆ ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದರು.

ಅದಕ್ಕೆ ಒಂದು ವಾರ ಮುಂಚೆ ಅದೇ ವೇಕ್‌ಲಂ ರಗ್ಬಿ ಪಂದ್ಯದ ವಿವರಣೆ ಕೊಟ್ಟಿದ್ದರು. ಆ ಕೆಲಸಕ್ಕೆ ತಯಾರು ಮಾಡುವಾಗ ಅವರ ಎದುರಿಗೆ ಕಣ್ಣು ಕಾಣದ ಒಬ್ಬರನ್ನು ಕೂರಿಸಿ, ಇವರಿಗೆ ಆಟ ಹೇಳು ಅಂದಿದ್ದರಂತೆ. ಕಾಮೆಂಟ್ರಿಯ ಮೊದಲ ಕೇಳುಗ ನಿನ್ನ ಕಾಕಾನಂಥವರೇ.

ನಾನು ಧಾರವಾಡ ಆಕಾಶವಾಣಿ ಕೇಳಿ ಬೆಳೆದವನು. 1950ರಲ್ಲಿ ಶುರುವಾದ ನಿಲಯ ಅದು. ಆದರೆ ನನಗೆ ಕಾಮೆಂಟ್ರಿ ಅಂದರೆ ಏನು ಅಂತ ಕಲಿಸಿದ್ದು ಕುಸ್ತಿ ಅಖಾಡ. ಇಲ್ಲೇ ಆನಂದವಾಡಿಯಲ್ಲಿ ಕುಸ್ತಿ ನೋಡಿದ್ದೀರಲ್ಲ? ಮೈಕ್ ಹಿಡಿದವನು ಮೊದಲು ಪೈಲ್ವಾನನ ಊರು ಹೇಳುತ್ತಾನೆ, ತಾಲೀಮು ಹೇಳುತ್ತಾನೆ, ಉಸ್ತಾದ್ ಯಾರು ಅಂತ ಹೇಳುತ್ತಾನೆ. ಅದೆಲ್ಲ ಕೈ ಮಿಲಾಯಿಸುವ ಮುಂಚೆ. ಒಮ್ಮೆ ಹಿಡಿತ ಬಿತ್ತೋ, ಹಲಗಿಯ ಲಯಕ್ಕೆ ಸರಿಯಾಗಿ ಬರೀ ಆಟದ ಮಾತು. ಢಾಕ್ ಹಾಕಿದ, ಘಿಸ್ಸಾ ಹೊಡೆದ, ತಪ್ಪಿಸಿಕೊಂಡ. ಹಿಂದಿನ ಸಾಲಿನಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತವರಿಗೆ ಅಖಾಡ ಕಾಣುತ್ತಿರಲಿಲ್ಲ. ಅವರೂ ಸರಿಯಾದ ಹೊತ್ತಿಗೆ ಸೀಟಿ ಹೊಡೆಯುತ್ತಿದ್ದರು. ಮೈಕಿನವನು ಅವರಿಗೆ ಕಣ್ಣಾಗಿದ್ದ.

ಟಿವಿ ಬಂದ ಮೇಲೆ "ಜನಕ್ಕೆ ಕಾಣುತ್ತದಲ್ಲ" ಅಂತ ಆ ಕೆಲಸವನ್ನೇ ಬಿಟ್ಟುಬಿಟ್ಟರು. ಬಿಟ್ಟ ಜಾಗದಲ್ಲಿ ಹರಟೆ ತುಂಬಿದರು.

ಲೇಲೆ ಮೈಕ್
ಸೋಮವಾರ, ರಾತ್ರಿ 10:05

ಹಿರಿಯರ ಮಾತಿಗೆ ಕೈ ಮುಗಿದೆ. ನಾನು ಟಿಳಕವಾಡಿಯವನು. ಊರಿನ ಟೂರ್ನಮೆಂಟ್‌ಗಳಲ್ಲಿ 15 ವರ್ಷದಿಂದ ಮೈಕ್ ಹಿಡಿಯುತ್ತೇನೆ. ಸಂಬಳ ಇಲ್ಲ, ಚಹಾ ಮತ್ತು ಭಜಿ ಕೊಡುತ್ತಾರೆ. ಹಾಗಾಗಿ ಕಾಮೆಂಟ್ರಿಯವರ ಪರವಾಗಿ ಎರಡು ಮಾತು ಹೇಳುವುದು ನನ್ನ ಕರ್ತವ್ಯ.

ಫುಟ್‌ಬಾಲ್ ಹೇಳುವುದು ಕ್ರಿಕೆಟ್ ಹೇಳಿದಂತೆ ಅಲ್ಲ. ಕ್ರಿಕೆಟ್‌ನಲ್ಲಿ ಒಂದು ಚೆಂಡಿಗೂ ಇನ್ನೊಂದಕ್ಕೂ ನಡುವೆ ಹೊತ್ತು ಸಿಗುತ್ತದೆ. ಬೌಲರ್ ವಾಪಸ್ ನಡೆದು ಹೋಗುವಷ್ಟರಲ್ಲಿ ಒಂದು ಕಥೆ ಹೇಳಿ ಮುಗಿಸಬಹುದು. ನಮ್ಮಲ್ಲಿ ಕಾಮೆಂಟ್ರಿ ಅಂದರೆ ಎಲ್ಲರೂ ಕ್ರಿಕೆಟ್‌ನಿಂದಲೇ ಕಲಿತದ್ದು. ಅದೇ ಅಭ್ಯಾಸವನ್ನು ಫುಟ್‌ಬಾಲ್‌ಗೆ ತಂದರೆ ಕಥೆ ಅರ್ಧದಲ್ಲಿರುವಾಗ ಚೆಂಡು ಈ ತುದಿಯಿಂದ ಆ ತುದಿಗೆ ಹೋಗಿರುತ್ತದೆ. ಶಹಾಪುರದ ಅಣ್ಣ ಬರೆದ ಆ ಕೋಟಿಗಳ ಮಾತು ಹಾಗೆಯೇ ಆದದ್ದು ಅನಿಸುತ್ತದೆ.

ಜುಲೈ ಮಳೆಯಲ್ಲಿ ನಮ್ಮ ಮೈದಾನ ಹೇಗಿರುತ್ತದೆ ಅಂತ ಗೊತ್ತಲ್ವಾ? ಹತ್ತು ನಿಮಿಷದಲ್ಲಿ ಎಲ್ಲರ ಜರ್ಸಿಯೂ ಕೆಂಪು ಮಣ್ಣು. ನಂಬರ್ ಕಾಣುವುದಿಲ್ಲ. ಆಗ ನಡಿಗೆ ನೋಡಿ ಹೆಸರು ಹೇಳಬೇಕು. ಒಬ್ಬ ಮೊಣಕೈ ಅಗಲ ಮಾಡಿ ಓಡುತ್ತಾನೆ, ಇನ್ನೊಬ್ಬ ಕಾಲ್ಚೀಲ ಇಳಿಸಿಕೊಂಡಿರುತ್ತಾನೆ. ಅದಕ್ಕೆ ನಾನು ಒಂದು ಗಂಟೆ ಮೊದಲೇ ಹೋಗಿ ಅಭ್ಯಾಸ ನೋಡುತ್ತೇನೆ. ಹೆಸರು ಕೇಳಿ ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ನಮ್ಮ ಲಿಪಿಯ ದೊಡ್ಡ ಅನುಕೂಲ ಅದು, ಕೇಳಿದ್ದನ್ನು ಕೇಳಿದ ಹಾಗೇ ಬರೆಯಬಹುದು. ಮಿಜೋರಾಂನ ಲಾಲಿಯನ್‌ಜುವಾಲಾ ಛಾಂಗ್ಟೆ ಅವರ ಹೆಸರನ್ನು ಒಂದು ಸಲ ಸರಿಯಾಗಿ ಕೇಳಿ ಬರೆದುಕೊಂಡರೆ ಮತ್ತೆ ತೊದಲುವ ಪ್ರಸಂಗ ಬರುವುದಿಲ್ಲ. ಭಾರತ ತಂಡಕ್ಕೆ ಆಡುವವರ ಹೆಸರನ್ನೇ ತೊದಲುವುದು ಅವರಿಗೆ ಮಾಡುವ ಅವಮಾನ.

ಎರಡು ಮಾತು ಕಾಮೆಂಟ್ರಿಯವರ ಪರ ಅಂದಿದ್ದೆ. ಒಂದೇ ಆಯಿತು. ಬರೆಯುತ್ತಾ ಹೋದಂತೆ ನನಗೂ ಸಿಟ್ಟು ಬಂತು.

ನೀಲಿ ಪಡೆ
ಮಂಗಳವಾರ, ಬೆಳಗ್ಗೆ 8:40

ವಿಜಯಪುರದವಳು, ಓದಿದ್ದು ಬೆಳಗಾವಿ, ಈಗ ಬೆಂಗಳೂರಿನಲ್ಲಿ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಪಂದ್ಯ ಇದ್ದರೆ ನಾನು ಅಲ್ಲೇ ಇರುತ್ತೇನೆ.

ಎಲ್ಲರೂ ಗುಣಮಟ್ಟದ ಬಗ್ಗೆ ಮಾತಾಡುತ್ತಿದ್ದೀರಿ. ಸರಿ. ಆದರೆ ಕಾಕಾ ಕೇಳುತ್ತಿರುವುದು ಯಾವ ಭಾಷೆಯಲ್ಲಿ? ಹಿಂದಿ ಅಥವಾ ಇಂಗ್ಲಿಷ್ ಅಲ್ವಾ? 2022ರ ವಿಶ್ವಕಪ್ ಮೊಬೈಲ್‌ನಲ್ಲಿ ಮಲಯಾಳಂನಲ್ಲಿ ಸಿಕ್ಕಿತು, ಬಂಗಾಳಿಯಲ್ಲಿ ಸಿಕ್ಕಿತು, ತಮಿಳಿನಲ್ಲೂ ಸಿಕ್ಕಿತು. ಕನ್ನಡ ಇರಲಿಲ್ಲ. ಡಿಸೆಂಬರ್ 18ರ ಆ ಫೈನಲ್! ಅರ್ಜೆಂಟೀನಾ 2-0 ಮುಂದಿದ್ದಾಗ 80 ಮತ್ತು 81ನೇ ನಿಮಿಷದಲ್ಲಿ ಫ್ರಾನ್ಸ್‌ನ ಎಂಬಾಪೆ ಎರಡು ಹೊಡೆದರು. ಹೆಚ್ಚುವರಿ ಅವಧಿ ಮುಗಿದಾಗ 3-3. ಆಮೇಲೆ ಪೆನಾಲ್ಟಿಯಲ್ಲಿ ಅರ್ಜೆಂಟೀನಾಕ್ಕೆ 4-2 ಗೆಲುವು. ನಮ್ಮ ಅವ್ವ ನನ್ನ ಜೊತೆ ರಾತ್ರಿಯೆಲ್ಲ ಕೂತು ನೋಡಿದಳು. ಅವಳಿಗೆ ನಾನೇ ಕಾಮೆಂಟ್ರಿ. ಕೇರಳದ ನನ್ನ ರೂಮ್‌ಮೇಟ್‌ನ ಅಮ್ಮ ಅದೇ ಆಟವನ್ನು ತನ್ನ ಭಾಷೆಯಲ್ಲಿ ಕೇಳಿದರು.

"ಕನ್ನಡಿಗರು ಫುಟ್‌ಬಾಲ್ ನೋಡಲ್ಲ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. 1946-47ರಲ್ಲೇ ಮೈಸೂರು ತಂಡ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತ್ತು. 1968-69ರವರೆಗೆ ನಾಲ್ಕು ಸಲ. ಆಮೇಲೆ 54 ವರ್ಷ ಕಾದು 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದೆವು. ನೋಡದವರ ನಾಡಿನಲ್ಲಿ ಇದು ಆಗುತ್ತಾ?

ಇನ್ನು ಕನ್ನಡ ಬಂದಾಗಲೂ ಅದು ಎಂಥ ಕನ್ನಡ ಅನ್ನುವುದೂ ಮುಖ್ಯ. "ಅವರು ಚೆಂಡನ್ನು ತಮ್ಮ ಸಹ ಆಟಗಾರನತ್ತ ರವಾನಿಸುತ್ತಿದ್ದಾರೆ" ಅನ್ನುವಷ್ಟರಲ್ಲಿ ಆ ಸಹ ಆಟಗಾರ ಚೆಂಡು ಕಳೆದುಕೊಂಡಿರುತ್ತಾನೆ. 2023ರ ಐಪಿಎಲ್‌ನಲ್ಲಿ ಭೋಜಪುರಿ ಕಾಮೆಂಟ್ರಿ ಬಂದಾಗ ಜನ ಮೆಚ್ಚಿಕೊಂಡು ಕೇಳಿದರು. ಅದು ಆ ಜನ ಮನೆಯಲ್ಲಿ ಆಡುವ ಮಾತು. ನಮ್ಮ ಕಡೆಯ ಕನ್ನಡದ ವೇಗ ಫುಟ್‌ಬಾಲ್‌ಗೆ ಹೇಳಿ ಮಾಡಿಸಿದ ಹಾಗಿದೆ. "ಬಂದಾ, ಬಂದಾ, ಒಳಗ ಹೊಕ್ಕಾ, ಹೊಡದಾ!" ಎಷ್ಟು ಹೊತ್ತು ಬೇಕು ಇದಕ್ಕೆ?

ಮಾತು ಕಮ್ಮಿ
ಮಂಗಳವಾರ, ಬೆಳಗ್ಗೆ 9:15

ಇದು ನಿಜ. ಒಂದು ಪ್ರಶ್ನೆ ಮಾತ್ರ. ಆಫ್‌ಸೈಡ್, ಕಾರ್ನರ್, ಪೆನಾಲ್ಟಿಗೆ ಕನ್ನಡ ಪದ ಬೇಕೇ? ಬೇಕೆನ್ನುವವರು ಇದ್ದಾರೆ.

ಲೇಲೆ ಮೈಕ್
ಮಂಗಳವಾರ, ಬೆಳಗ್ಗೆ 9:40

ಬೇಡ ಸರ್. ಕ್ಯಾಂಪ್ ಓಣಿಯಲ್ಲಿ ಬರಿಗಾಲಲ್ಲಿ ಆಡುವ ಹುಡುಗನೂ ಕಾರ್ನರ್ ಅಂತಲೇ ಕೂಗುತ್ತಾನೆ. ಅದು ಅವನ ಪದವೇ. ಕನ್ನಡ ಬೇಕಾದದ್ದು ಕ್ರಿಯೆಯಲ್ಲಿ. ತಳ್ಳಿದ, ತಿರುಗಿಸಿದ, ಎದೆಗೆ ತಗೊಂಡ, ಕಾಲ ಸಂದಿಯಿಂದ ದಾಟಿಸಿದ, ನುಗ್ಗಿದ, ಜಾರಿ ಕಸಿದುಕೊಂಡ. ನಮ್ಮ ಹತ್ತಿರ ಎಷ್ಟು ಮಾತಿವೆ! ನಮ್ಮ ಮೈದಾನದಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ನಾಲ್ಕೂ ಒಟ್ಟಿಗೆ ಕೇಳುತ್ತವೆ. "ಹಿಂದ್ ಐದಾನ" ಅಂತ ಒಬ್ಬ ಕೂಗಿದರೆ ನಾಲ್ಕೂ ಮನೆಮಾತಿನವರಿಗೆ ಅರ್ಥವಾಗುತ್ತದೆ.

ಪಿಟಿ ಟೀಚರ್, ಗೋಕಾಕ
ಮಂಗಳವಾರ, ರಾತ್ರಿ 8:30

ಶಾಲೆಯಲ್ಲಿ ಹುಡುಗಿಯರ ತಂಡ ಕಟ್ಟಿದ್ದೇನೆ. ಹದಿನಾಲ್ಕು ಮಕ್ಕಳು. ಅವರಿಗೆ ಪಂದ್ಯ ತೋರಿಸಿ ಕಲಿಸೋಣ ಅಂತ ಪ್ರೊಜೆಕ್ಟರ್ ಹಾಕಿದರೆ ಕಾಮೆಂಟ್ರಿಯಿಂದ ಏನೂ ಸಿಗುವುದಿಲ್ಲ. ಮಹಿಳೆಯರ ಪಂದ್ಯವಾದರೆ ಇನ್ನೂ ಬೇಜಾರು. ಈ ಹುಡುಗಿ ಎಷ್ಟು ಕಷ್ಟದಿಂದ ಬಂದಳು, ಅಪ್ಪ ಏನು ಕೆಲಸ ಮಾಡುತ್ತಾರೆ, ಇದನ್ನೇ ಹೇಳುತ್ತಾರೆ. ಅದನ್ನೂ ಹೇಳಲಿ, ನನಗೂ ಆ ಕಥೆ ಬೇಕು. ಆದರೆ ಅವಳು ಆ ಚೆಂಡನ್ನು ಯಾಕೆ ಎಡಗಾಲಿಗೆ ತಗೊಂಡಳು ಅನ್ನುವುದು ನನ್ನ ಮಕ್ಕಳಿಗೆ ಬೇಕಾದ ಮಾತು.

2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ನಮ್ಮ ಮಹಿಳಾ ತಂಡ ಥಾಯ್ಲೆಂಡ್ ಅನ್ನು 2-1ರಿಂದ ಸೋಲಿಸಿ 2026ರ ಏಷ್ಯನ್ ಕಪ್‌ಗೆ ಹೋಯಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. ಅರ್ಹತಾ ಪಂದ್ಯ ಆಡಿ ಗೆದ್ದು ಅಲ್ಲಿಗೆ ಹೋದದ್ದು ಅದೇ ಮೊದಲು. ನನ್ನ ತಂಡದ ಒಂದು ಹುಡುಗಿ ಆ ಎರಡು ಗೋಲುಗಳನ್ನು ಎಷ್ಟು ಸಲ ನೋಡಿದ್ದಾಳೆಂದರೆ, ಈಗ ಧ್ವನಿ ಇಲ್ಲದೆ ತಾನೇ ಕನ್ನಡದಲ್ಲಿ ಹೇಳುತ್ತಾಳೆ. ಯಾರು ಎಲ್ಲಿ ನಿಂತಿದ್ದರು ಅನ್ನುವುದೂ ಸೇರಿ. ಕೇಳಿದರೆ ಮೈ ಜುಮ್ ಅನ್ನುತ್ತದೆ. 15 ವರ್ಷದ ಮಗು.

ಸೌಂಡ್ ರೂಮ್
ಮಂಗಳವಾರ, ರಾತ್ರಿ 11:20

ಟೀಚರ್, ಆ ಮಗುವಿನ ಧ್ವನಿ ಫೋನ್‌ನಲ್ಲಿ ರೆಕಾರ್ಡ್ ಮಾಡಿಡಿ. ಬಾಯಿಗೆ ಹತ್ತಿರ ಹಿಡಿಯಲಿ, ಫ್ಯಾನ್ ಬಂದ್ ಇರಲಿ.

ಶಹಾಪುರದ ಅಣ್ಣಾ, ಕತಾರ್ ವಿಶ್ವಕಪ್‌ನಲ್ಲಿ ಕಣ್ಣು ಕಾಣದವರಿಗೆ ಅಂತಲೇ ಬೇರೆ ಕಾಮೆಂಟ್ರಿ ಇತ್ತು, ಇಂಗ್ಲಿಷ್ ಮತ್ತು ಅರಬ್ಬಿಯಲ್ಲಿ. ಅದರಲ್ಲಿ ಚೆಂಡು ಎಲ್ಲಿದೆ, ಯಾರ ಹತ್ತಿರ ಇದೆ, ಯಾವ ಕಡೆ ಹೋಗುತ್ತಿದೆ ಅನ್ನುವುದೇ ಮುಖ್ಯ. ಆಗದ ಕೆಲಸ ಅಲ್ಲ ಇದು. ಅದಕ್ಕೆ ತರಬೇತಿ ಕೊಡುತ್ತಾರೆ.

ಲೇಲೆ ಮೈಕ್ ಅಣ್ಣ ಇಲ್ಲೇ ಇದ್ದಾರಲ್ಲ. ಶಹಾಪುರಕ್ಕೂ ಟಿಳಕವಾಡಿಗೂ ಎಷ್ಟು ದೂರ?

ಲೇಲೆ ಮೈಕ್
ಮಂಗಳವಾರ, ರಾತ್ರಿ 11:32

ಸೈಕಲ್ ಮೇಲೆ ಹತ್ತು ನಿಮಿಷ. ಶನಿವಾರ ಸಂಜೆ ಬರಲಾ? ನೇರ ಪಂದ್ಯ ಬೇಡ, ಮೊದಲ ಸಲ ತಪ್ಪಾದೀತು. ಖಾನಾಪುರದ ತಮ್ಮ ಹೇಳಿದ 2022ರ ಫೈನಲ್ ಹಾಕೋಣ. ನಾನು ಎರಡು ಸಲ ನೋಡಿ ಹೆಸರು ಬರೆದುಕೊಂಡು ಬರುತ್ತೇನೆ.

ಹಳೇ ರೇಡಿಯೋ
ಬುಧವಾರ, ಬೆಳಗ್ಗೆ 6:10

ಚೌಕದ ಹಾಳೆ ಮರೆಯಬೇಡಿ. ಕಾಕಾಗೆ ಕಾಣುವುದಿಲ್ಲ, ಮುಟ್ಟಿದರೆ ತಿಳಿಯಬೇಕು. ದಪ್ಪ ರಟ್ಟಿನ ಮೇಲೆ ಉಲ್ಲನ್ ದಾರ ಅಂಟಿಸಿದರೆ ಆಯಿತು.

ಶಹಾಪುರದವ
ಭಾನುವಾರ, ಬೆಳಗ್ಗೆ 10:30

ನಿನ್ನೆ ಏನಾಯಿತು ಅಂತ ಬರೆಯಲೇಬೇಕು.

ನನ್ನ ತಂಗಿ ಮದುವೆ ಕರೆಯೋಲೆಗಳ ದೊಡ್ಡ ಡಬ್ಬಿಯ ರಟ್ಟು ಕತ್ತರಿಸಿ, ಉಲ್ಲನ್ ದಾರವನ್ನು ಫೆವಿಕಾಲ್‌ನಿಂದ ಅಂಟಿಸಿ ಮೈದಾನ ಮಾಡಿದಳು. ಎಂಟು ಚೌಕ. ಗೋಲ್‌ಪೋಸ್ಟ್‌ಗೆ ಬೆಂಕಿಕಡ್ಡಿ. ಕಾಕಾ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಮೊದಲು ಸುಮ್ಮನೆ ಬೆರಳಾಡಿಸಿದರು. "ಇದು ನಾ ನಿಲ್ಲತಿದ್ದ ಜಾಗಾ" ಅಂತ ಎಡಗಡೆಯ ಚೌಕದಲ್ಲಿ ಬೆರಳಿಟ್ಟರು.

ಮೈಕ್ ಅಣ್ಣ ಟಿವಿ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. ಧ್ವನಿ ಪೂರ್ತಿ ಬಂದ್. ಅವರು ಆಟ ಹೇಳುವುದು, ತಂಗಿ ಚೌಕದ ನಂಬರ್ ಹೇಳುವುದು. ಖಾನಾಪುರದ ತಮ್ಮನೂ ಬಸ್ ಹಿಡಿದು ಬಂದಿದ್ದ. ಮೊದಲ ಹತ್ತು ನಿಮಿಷ ಸ್ವಲ್ಪ ಗಲಿಬಿಲಿಯಾಯಿತು. ಇಬ್ಬರೂ ಒಟ್ಟಿಗೆ ಮಾತಾಡಿಬಿಡುತ್ತಿದ್ದರು. ಆಮೇಲೆ ಲಯ ಸಿಕ್ಕಿತು. ನಂಬರ್ ಬಂದ ಹಾಗೆ ಕಾಕಾನ ಬೆರಳು ರಟ್ಟಿನ ಮೇಲೆ ಓಡತೊಡಗಿತು. ನಾನು ಟಿವಿ ನೋಡುವುದನ್ನು ಬಿಟ್ಟು ಆ ಬೆರಳನ್ನೇ ನೋಡುತ್ತಿದ್ದೆ. ಚೆಂಡು ಎಲ್ಲಿದೆಯೋ ಬೆರಳು ಅಲ್ಲಿ.

ಮೊದಲರ್ಧದಲ್ಲಿ ಕಾಕಾ ಎರಡೇ ಸಲ ಕೇಳಿದರು. ಎರಡೂ ಸಲ ಚೆಂಡಿನ ಬಗ್ಗೆ ಅಲ್ಲ. "ಎಡಗಡೆ ಬ್ಯಾಕ್ ಎಲ್ಲಿ ನಿಂತಾನ ಅದನ್ನ ಹೇಳಪಾ. ಆವಾ ಮ್ಯಾಲ ಹ್ವಾದ್ರ ಹಿಂದ ಖಾಲಿ ಆಕ್ಕೈತಿ." ಮೈಕ್ ಅಣ್ಣ ಅಲ್ಲಿಂದ ಅದನ್ನೂ ಸೇರಿಸಿದರು.

68ನೇ ನಿಮಿಷದಲ್ಲಿ ಕೇರಳದ ರಾಹುಲ್ ಗೋಲು ಹೊಡೆದಾಗ ಕಾಕಾ "ಹೂಂ" ಅಂದರು ಅಷ್ಟೇ. 88ನೇ ನಿಮಿಷದಲ್ಲಿ ಸಾಹಿಲ್ ತವೋರಾ ಸಮ ಮಾಡಿದಾಗ ಮೈಕ್ ಅಣ್ಣನ ಕೂಗಿಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಒಳಗೆ ಕರೆದು ಕೂರಿಸಿದೆವು.

ಪೆನಾಲ್ಟಿ ಹೊತ್ತಿಗೆ ಖಾನಾಪುರದ ತಮ್ಮ ಮೈಕ್ ಅಣ್ಣನ ಪಕ್ಕ ಹೋಗಿ ನಿಂತ. ಕೀಪರ್ ಏನು ಮಾಡುತ್ತಾನೆ ಅನ್ನುವುದನ್ನು ಅವನು ಹೇಳಿದ. ನಿಶು ಕುಮಾರ್ ಹೊಡೆದದ್ದನ್ನು ಕಟ್ಟಿಮನಿ ತಡೆದರು, ರೆಫರಿ ಮತ್ತೆ ಹೊಡೆಯಿರಿ ಅಂದರು. ಯಾಕೆ? ತಮ್ಮ ಹೇಳಿದ: ಒದೆಯುವ ಹೊತ್ತಿಗೆ ಕೀಪರ್‌ನ ಒಂದು ಕಾಲಾದರೂ ಗೋಲ್ ಗೆರೆಗೆ ಸರಿಯಾಗಿ ಇರಬೇಕು, ಇವರು ಮುಂದೆ ಬಂದುಬಿಟ್ಟಿದ್ದರು. ಕಾಕಾ ಕೂತಲ್ಲೇ ಬಲಗಾಲು ಹಿಂದೆ ಎಳೆದು ನೆಲಕ್ಕೆ ಒತ್ತಿ ಹಿಡಿದರು. ಎರಡನೇ ಸಲವೂ ಕಟ್ಟಿಮನಿ ತಡೆದಾಗ ಆ ಕಾಲು ಹಾಗೇ ಇತ್ತು.

ಕಟ್ಟಿಮನಿ ಅನ್ನುವ ಹೆಸರು ನಿನ್ನೆ ನಮ್ಮ ಮನೆಯಲ್ಲಿ ಸರಿಯಾಗಿ ಕೇಳಿಸಿತು.

ಮೈಕ್ ಅಣ್ಣನ ಗಂಟಲು ಹೆಚ್ಚುವರಿ ಅವಧಿಯಲ್ಲೇ ಕಟ್ಟಿಹೋಗಿತ್ತು. ತಂಗಿ ಶುಂಠಿ ಹಾಕಿ ಚಹಾ ಕೊಟ್ಟಳು. ಒಬ್ಬರೇ 120 ನಿಮಿಷ ಹೇಳುವುದು ಆಗದ ಕೆಲಸ, ಎರಡನೇ ಅರ್ಧಕ್ಕೆ ಇನ್ನೊಬ್ಬರು ಬೇಕೇ ಬೇಕು. ಗೋಕಾಕದ ಟೀಚರ್, ನಿಮ್ಮ ಹುಡುಗಿಯನ್ನು ಮುಂದಿನ ಶನಿವಾರ ಕರೆದುಕೊಂಡು ಬರಲು ಆಗುತ್ತಾ? ಅವಳ ತಂದೆ ತಾಯಿಯೂ ಬರಲಿ, ಊಟ ನಮ್ಮಲ್ಲೇ. ಥಾಯ್ಲೆಂಡ್ ಪಂದ್ಯ ಹಾಕೋಣ ಅಂತ ಕಾಕಾ ಅಂದಿದ್ದಾರೆ.

ಇನ್ನೊಂದು ಕೆಲಸ ಹೇಳಿದ್ದಾರೆ. ರಟ್ಟಿನ ನಡುಗೆರೆಯ ದಾರ ತೆಳುವಾಯಿತಂತೆ, ಚೆಂಡು ಜೋರಾಗಿ ಬಂದಾಗ ಬೆರಳಿಗೆ ಸಿಗದೆ ದಾಟಿಹೋಗುತ್ತದಂತೆ. ಅಲ್ಲಿ ಸುತಳಿ ಹಾಕಬೇಕು.